ಆಫೀಸ್ ಕೆಲಸಕ್ಕೆ ಟೋಕಿಯೊ, ಸಿಯೋಲ್: ಊರು ನೋಡಲು ಸಮಯ ಹೊಂದಿಸುವುದು ಹೇಗೆ?

ಬಸವನಗುಡಿ_ಬೆಳಗು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸಿನಿಂದ ನನ್ನನ್ನು ಟೋಕಿಯೊಗೆ ಕಳಿಸುತ್ತಿದ್ದಾರೆ. ಅಲ್ಲಿ ಒಂದು ವಾರ ಕೆಲಸ. ಅಲ್ಲಿಂದ ನೇರ ಸಿಯೋಲ್‌ಗೆ ಹೋಗಬೇಕು. ಸಿಯೋಲ್‌ನ ಕೋಎಕ್ಸ್ ಕೇಂದ್ರದಲ್ಲಿ ಒಂದು ಎಕ್ಸ್‌ಪೋ ಇದೆ, ನಮ್ಮ ಸ್ಟಾಲ್ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಟೋಕಿಯೊ ಆಫೀಸ್ ಶಿನಾಗಾವ ಸ್ಟೇಷನ್ ಹತ್ತಿರ. ನಡುವೆ ಒಂದು ಶನಿವಾರ, ಭಾನುವಾರ ಸಿಗುತ್ತದೆ. ಆ ಕಡೆಗೆ ಇದೇ ಮೊದಲ ಸಲ ಹೋಗುತ್ತಿರುವುದು.

ಹುಡುಕಿ ನೋಡಿದರೆ ಎಲ್ಲ ಕಡೆ ಒಂದೇ ಮಾತು. ಬೆಳಿಗ್ಗೆ ಐದಕ್ಕೆ ಎದ್ದು ಊರು ಸುತ್ತಿ, ಒಂಬತ್ತಕ್ಕೆ ಆಫೀಸ್ ಸೇರಿಕೊಳ್ಳಿ ಅಂತ. ನಿಜವಾಗಿ ಇದು ಆಗುತ್ತಾ? ಕಂಪನಿ ದುಡ್ಡಲ್ಲಿ ಹೋಗಿ ಕೆಲಸದಲ್ಲಿ ತೂಕಡಿಸುವ ಹಾಗೆ ಆಗಬಾರದು. ಹಾಗಂತ ಅಷ್ಟು ದೂರ ಹೋಗಿ ಹೋಟೆಲ್ ರೂಮ್, ಮೀಟಿಂಗ್ ರೂಮ್ ಮಾತ್ರ ನೋಡಿ ಬರಲು ಮನಸ್ಸಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ. ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ.

ತುಂಗಾ_ತೀರ

ಬೆಳಿಗ್ಗೆ ಐದರ ಯೋಚನೆ ಬಿಟ್ಟುಬಿಡಿ. ಅದು ನಮ್ಮ ದೇಶದಿಂದ ಹೋಗುವವರಿಗೆ ಹೊಂದುವ ಸಲಹೆ ಅಲ್ಲ.

ಜಪಾನ್, ಕೊರಿಯಾ ಎರಡೂ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 5 ಅಂದರೆ ನಿಮ್ಮ ಮೈಗೆ ರಾತ್ರಿ 1.30. ಬೇಗ ಎದ್ದು ಸುತ್ತಿ ಅನ್ನುವವರು ಜಾಸ್ತಿ ಅಮೆರಿಕದಿಂದ ಹೋಗುವವರು. ಅವರಿಗೆ ಟೋಕಿಯೊದಲ್ಲಿ ನಸುಕಿನ ಮೂರು ಗಂಟೆಗೇ ಎಚ್ಚರವಾಗಿಬಿಡುತ್ತದೆ, ಸಂಜೆ ಏಳಕ್ಕೆ ಕಣ್ಣು ಎಳೆಯುತ್ತದೆ. ನಮಗೆ ಪೂರ್ತಿ ಉಲ್ಟಾ. ಟೋಕಿಯೊದಲ್ಲಿ ರಾತ್ರಿ 10 ಆದಾಗ ಬೆಂಗಳೂರಿನಲ್ಲಿ ಸಂಜೆ 6.30. ಆಗ ನಿದ್ದೆಯ ಸುಳಿವೂ ಇರುವುದಿಲ್ಲ. ನಮಗೆ ದಕ್ಕುವುದು ಸಂಜೆ. ಬೆಳಿಗ್ಗೆ ಏಳರವರೆಗೆ ನೆಮ್ಮದಿಯಾಗಿ ಮಲಗಿ, ಕೆಲಸಕ್ಕೆ ಚುರುಕಾಗಿ ಹೋಗಿ, ಸಂಜೆ ಆರರ ಮೇಲೆ ಊರು ನೋಡಿ.

ಹಾಗಾದರೆ ಸಂಜೆ ಏನು ತೆರೆದಿರುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ. ನನ್ನ ಪಟ್ಟಿ ಇದು.

ಅಸಾಕುಸದ ಸೆನ್ಸೋಜಿ ದೇವಾಲಯವನ್ನು ಕತ್ತಲಾದ ಮೇಲೇ ನೋಡಿ. ಒಳಗಿನ ಮುಖ್ಯ ಮಂದಿರ ಸಂಜೆ ಮುಚ್ಚಿರುತ್ತದೆ, ಆದರೆ ಆವರಣಕ್ಕೆ ಬಾಗಿಲೇ ಇಲ್ಲ. ಐದಂತಸ್ತಿನ ಗೋಪುರಕ್ಕೆ, ದೊಡ್ಡ ಕೆಂಪು ಲಾಟೀನಿನ ದ್ವಾರಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ಹಗಲಲ್ಲಿ ಕಾಲಿಡಲು ಜಾಗ ಇರದ ನಾಕಾಮಿಸೆ ಅಂಗಡಿ ಬೀದಿ ರಾತ್ರಿ ಖಾಲಿ. ಮುಚ್ಚಿದ ಅಂಗಡಿಗಳ ಶಟರ್ ಮೇಲಿನ ಚಿತ್ರಗಳು ಕಾಣುವುದು ಆಗಲೇ.

ಶಿಂಜುಕುವಿನ ಟೋಕಿಯೊ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿಯಲ್ಲಿ ಊರು ನೋಡುವ ಜಾಗ ಇದೆ. 202 ಮೀಟರ್ ಎತ್ತರ, ಪ್ರವೇಶ ಉಚಿತ, ರಾತ್ರಿ 10ರವರೆಗೆ ತೆರೆದಿರುತ್ತದೆ. ತಿಂಗಳಲ್ಲಿ ಕೆಲವು ದಿನ ರಜೆ ಇರುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ. ದುಡ್ಡು ಕೊಟ್ಟು ಹತ್ತುವ ಗೋಪುರಗಳಿಗಿಂತ ಇದು ಕಡಿಮೆ ಅಂತ ನನಗೆ ಅನ್ನಿಸಿಲ್ಲ.

ಉಎನೊದಲ್ಲಿರುವ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯ ಶುಕ್ರವಾರ, ಶನಿವಾರ ರಾತ್ರಿ 8ರವರೆಗೆ ಇರುತ್ತದೆ. ಶುಕ್ರವಾರ ಸಂಜೆ ಐದೂವರೆಗೆ ಆಫೀಸ್ ಬಿಡಲು ಆಗುವ ಹಾಗಿದ್ದರೆ ಬೇರೆಲ್ಲೂ ಹೋಗಬೇಡಿ, ಇಲ್ಲಿಗೇ ಹೋಗಿ. ಸೋಮವಾರ ಮಾತ್ರ ಹೋಗಬೇಡಿ. ಆ ಭಾಗದ ದೇಶಗಳಲ್ಲಿ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರವೇ ರಜೆ.

ಇನ್ನು ನಿಮ್ಮ ಶಿನಾಗಾವ. ಅಲ್ಲಿ ನೋಡಲು ಏನೂ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಸ್ಟೇಷನ್ ಆಚೆ ಸೆಂಗಾಕುಜಿ ದೇವಾಲಯ ಇದೆ. ತಮ್ಮ ಒಡೆಯನ ಸಾವಿಗೆ ಸೇಡು ತೀರಿಸಿಕೊಂಡು, ಆಮೇಲೆ ಶಿಕ್ಷೆಗೆ ತಲೆಬಾಗಿ ಪ್ರಾಣ ಬಿಟ್ಟ ಸಮುರಾಯಿ ಯೋಧರ ಸಮಾಧಿ ಇರುವುದು ಅಲ್ಲಿ. 1700ರ ಆರಂಭದ ಘಟನೆ. ಇವತ್ತಿಗೂ ಜನ ಬಂದು ಒಂದೊಂದು ಕಲ್ಲಿನ ಮುಂದೂ ಊದುಬತ್ತಿ ಹಚ್ಚುತ್ತಾರೆ. ಸಂಜೆ ಬೇಗ ಮುಚ್ಚುತ್ತದೆ, ಹಾಗಾಗಿ ಊಟದ ಬಿಡುವಿನಲ್ಲಿ ಹೋಗಿ ಬನ್ನಿ. ರಾತ್ರಿ ನಡೆದಾಡಲು ಝೋಜೋಜಿ ದೇವಾಲಯದ ಅಂಗಳ ಚೆನ್ನ. ಹಳೆಯ ಮಂದಿರದ ಹಿಂದೆಯೇ 1958ರ ಟೋಕಿಯೊ ಟವರ್ ಕೆಂಪಗೆ ಹೊಳೆಯುತ್ತಿರುತ್ತದೆ. ಶಿನಾಗಾವದಿಂದ ಹೆಚ್ಚು ದೂರ ಇಲ್ಲ.

ಶನಿವಾರ ಕಾಮಕುರಕ್ಕೆ ಹೋಗಿ. ಶಿನಾಗಾವದಿಂದ ಯೊಕೊಸುಕ ಲೈನ್‌ನಲ್ಲಿ ಬದಲಾಯಿಸದೆ ಒಂದು ಗಂಟೆಯೊಳಗೆ ಮುಟ್ಟುತ್ತೀರಿ. ಅಲ್ಲಿನ ಕೋತೊಕುಇನ್ ದೇವಾಲಯದ ಕಂಚಿನ ಬುದ್ಧ ಬಯಲಲ್ಲೇ ಕೂತಿದ್ದಾನೆ, ಪೀಠ ಬಿಟ್ಟು ಹನ್ನೊಂದು ಮೀಟರ್‌ಗೂ ಎತ್ತರ. ನಮ್ಮ ಶ್ರವಣಬೆಳಗೊಳ ನೋಡಿದವರಿಗೆ ಎತ್ತರ ದೊಡ್ಡದು ಅನ್ನಿಸಲಿಕ್ಕಿಲ್ಲ. ಆದರೆ ಆ ಬಾಗಿದ ಮುಖದ ಮುಂದೆ ಸುಮ್ನೆ ಒಂದಿಷ್ಟು ಹೊತ್ತು ಕೂರಬೇಕು.

ಕ್ಯೋಟೋಗೆ ಹೋಗಿ ಬಂದರೆ ಹೇಗೆ ಅಂತ ಕೇಳುತ್ತೀರಿ ಅಂತ ಗೊತ್ತು. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಎರಡು ಗಂಟೆ ಹದಿನೈದು ನಿಮಿಷ, ಒಂದು ಕಡೆಗೆ ಸುಮಾರು 14,000 ಯೆನ್. ಮುಂಚೆ ವಿದೇಶಿ ಪ್ರವಾಸಿಗರಿಗೆ ಕೊಡುವ ಜೆಆರ್ ರೈಲು ಪಾಸ್ ತೆಗೆದುಕೊಂಡರೆ ಲಾಭ ಇತ್ತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಒಂದು ವಾರಾಂತ್ಯಕ್ಕೆ ಈಗ ಅದು ಗಿಟ್ಟುವುದಿಲ್ಲ. ಕ್ಯೋಟೋವನ್ನು ಮನೆಯವರ ಜೊತೆ ಹೋಗುವಾಗ ಇಟ್ಟುಕೊಳ್ಳಿ. ಕೆಲಸದ ವಾರದ ನಡುವೆ ಓಡೋಡಿ ನೋಡುವ ಊರಲ್ಲ ಅದು.

ಕರಾವಳಿ_ಕನ್ನಡತಿ

ತುಂಗಾ ಅವರೇ, ಗಡಿಯಾರದ ಲೆಕ್ಕ ಪೂರ್ತಿ ಒಪ್ಪಿದೆ. ಆದರೆ ಸಂಜೆ ನಮ್ಮದು ಅಂದಿದ್ದೀರಲ್ಲ, ಅದು ಅಷ್ಟು ಸುಲಭ ಇಲ್ಲ. ಎರಡು ಅಡ್ಡಿ ಇದೆ.

ಒಂದು, ಬೆಂಗಳೂರಿನ ಕಾಲ್‌ಗಳು. ಟೋಕಿಯೊದಲ್ಲಿ ಸಂಜೆ ಆರು ಅಂದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ. ಇಲ್ಲಿನ ಟೀಮ್ ಊಟ ಮುಗಿಸಿ ಆಗಷ್ಟೇ ಕೂತಿರುತ್ತದೆ. ಎಲ್ಲ ಮೀಟಿಂಗ್ ಅದೇ ಹೊತ್ತಿಗೆ ಇಡುತ್ತಾರೆ. ಅದು ಹೋಟೆಲ್ ರೂಮಿನಲ್ಲಿ ರಾತ್ರಿ ಹತ್ತೂವರೆವರೆಗೆ ನಡೆಯುತ್ತದೆ. ಹೊರಡುವ ಮುಂಚೆಯೇ ಮ್ಯಾನೇಜರ್ ಹತ್ತಿರ ಮಾತಾಡಿ, ಅಲ್ಲಿನ ಮಧ್ಯಾಹ್ನ ಮೂರರಿಂದ ಐದೂವರೆ ಮಾತ್ರ ಬೆಂಗಳೂರಿಗೆ ಅಂತ ಗೊತ್ತು ಮಾಡಿಕೊಳ್ಳಿ. ಇಲ್ಲಿಗೆ ಅದು ಹನ್ನೊಂದೂವರೆಯಿಂದ ಎರಡು. ಕ್ಯಾಲೆಂಡರ್‌ನಲ್ಲಿ ಉಳಿದ ಸಂಜೆ ಮುಚ್ಚಿಬಿಡಿ. ಬೆಳಿಗ್ಗೆಯಿಂದ ಅಲ್ಲಿನ ಆಫೀಸಿನಲ್ಲಿ ಪೂರ್ತಿ ದಿನ ದುಡಿದವರು ರಾತ್ರಿ ಇನ್ನೊಂದು ಪಾಳಿ ಮಾಡಬೇಕು ಅಂತ ಯಾವ ನಿಯಮವೂ ಇಲ್ಲ.

ಎರಡು, ಸಹೋದ್ಯೋಗಿಗಳ ಜೊತೆ ರಾತ್ರಿ ಊಟ. ಜಪಾನ್, ಕೊರಿಯಾ ಎರಡೂ ಕಡೆ ಇದನ್ನು ಕೆಲಸದ ಭಾಗ ಅಂತಲೇ ನೋಡುತ್ತಾರೆ. ಮೊದಲನೇ ದಿನ ಕರೆದರೆ ಖಂಡಿತ ಹೋಗಿ. ಆಮೇಲಿನ ವಾರ ಅದರಿಂದ ಹಗುರಾಗುತ್ತದೆ. ಆದರೆ ಜಾಗ ಆರಿಸುವಾಗ ನೀವೇ ಬಾಯಿಬಿಟ್ಟು ಕೇಳಿ. "ಅಸಾಕುಸ ಕಡೆ ಹೋಗೋಣವಾ, ನಾನು ನೋಡಿಲ್ಲ" ಅಂದರೆ ಅವರಿಗೆ ಖುಷಿಯೇ ಆಗುತ್ತದೆ. ಊಟಕ್ಕೆ ಮುಂಚೆ ಅವರೇ ದೇವಸ್ಥಾನ ತೋರಿಸುತ್ತಾರೆ. ಗೈಡ್ ಹೇಳದ ಎಷ್ಟೋ ವಿಷಯ ಆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಕುಡಿಯುವುದಿಲ್ಲ ಅಂದರೆ ಈಗ ಯಾರೂ ಒತ್ತಾಯ ಮಾಡುವುದಿಲ್ಲ. ನಾನು ಪ್ರತಿ ಸಲ ಊಲಾಂಗ್ ಚಹಾ ಹಿಡಿದುಕೊಂಡೇ ಕೂರುತ್ತೇನೆ.

ಒಬ್ಬಳೇ ರಾತ್ರಿ ಓಡಾಡಬಹುದಾ ಅಂತ ಹೆಣ್ಣುಮಕ್ಕಳು ಯಾವಾಗಲೂ ಕೇಳುತ್ತಾರೆ. ಟೋಕಿಯೊ, ಸಿಯೋಲ್, ತೈಪೆ ಮೂರು ಕಡೆಯೂ ರಾತ್ರಿ ಹತ್ತರ ಮೆಟ್ರೋದಲ್ಲಿ ಒಬ್ಬಳೇ ಬಂದಿದ್ದೇನೆ, ಅಂಜಿಕೆ ಆಗಿಲ್ಲ. ಆದರೆ ಟೋಕಿಯೊದ ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಂತುಹೋಗುತ್ತವೆ. ಬೆಳಗಿನ ಐದರ ಆಸುಪಾಸಿನವರೆಗೆ ಮತ್ತೆ ಇಲ್ಲ. ಟ್ಯಾಕ್ಸಿ ಬಲು ದುಬಾರಿ. ಹನ್ನೊಂದೂವರೆಗೆ ಸ್ಟೇಷನ್‌ನಲ್ಲಿರಿ.

ಈಗ ಸಿಯೋಲ್. ನೀವು ಕೋಎಕ್ಸ್ ಅಂದಾಗಲೇ ನನಗೆ ಬರೆಯಬೇಕು ಅನ್ನಿಸಿತು. ಅಲ್ಲಿಗೆ ಎಕ್ಸ್‌ಪೋಗೆ ಹೋದವರಲ್ಲಿ ಎಷ್ಟೋ ಜನ ನೆಲದಡಿಯ ಮಾಲ್‌ನಲ್ಲೇ ಸುತ್ತಿ ವಾಪಸ್ ಬರುತ್ತಾರೆ. ರಸ್ತೆ ದಾಟಿದರೆ ಬೊಂಗುನ್ಸಾ ದೇವಾಲಯ. ಕ್ರಿ.ಶ. 794ರಲ್ಲಿ ಸ್ಥಾಪನೆಯಾದದ್ದು. ಒಂದು ಕಡೆ ಗಾಜಿನ ಗಗನಚುಂಬಿಗಳು, ಇನ್ನೊಂದು ಕಡೆ ಗುಡ್ಡದ ಬುಡದಲ್ಲಿ ಹಳೆಯ ಹೆಂಚಿನ ಮಂದಿರಗಳು, ಹಿಂದೆ ಬಿಳಿ ಕಲ್ಲಿನ ದೊಡ್ಡ ಮೈತ್ರೇಯ ಬುದ್ಧ. ಸ್ಟಾಲ್‌ನಲ್ಲಿ ನಿಂತು ಕಾಲು ಸೋತಾಗ ಹದಿನೈದು ನಿಮಿಷ ಹೋಗಿ ಬಂದರೂ ಸಾಕು. ಸಂಜೆಯ ಪೂಜೆಗೆ ದೊಡ್ಡ ಡೋಲು, ಗಂಟೆ ಬಾರಿಸುತ್ತಾರೆ. ಅದನ್ನು ತಪ್ಪಿಸಿಕೊಳ್ಳಬೇಡಿ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಸೊಂಜೊಂಗ್‌ನುಂಗ್. ಕೊರಿಯಾ ಆಳಿದ ಜೋಸನ್ ವಂಶದ ಇಬ್ಬರು ರಾಜರು, ಒಬ್ಬ ರಾಣಿಯ ಸಮಾಧಿ ದಿಬ್ಬಗಳು. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಸಮಾಧಿಗಳಲ್ಲಿ ಇವೂ ಇವೆ. ಸುತ್ತ ಗ್ಯಾಂಗ್ನಮ್ ಆಫೀಸ್ ಕಟ್ಟಡಗಳು, ಮಧ್ಯೆ ಪೈನ್ ಮರಗಳ ತೋಪು. ಸೋಮವಾರ ರಜೆ.

ಸಂಜೆಗೆ ದೊಕ್ಸುಗುಂಗ್ ಅರಮನೆ. ಸಿಟಿ ಹಾಲ್ ಸ್ಟೇಷನ್ ಪಕ್ಕದಲ್ಲೇ ಇದೆ, ರಾತ್ರಿ 9ರವರೆಗೆ ತೆರೆದಿರುತ್ತದೆ, ಇದಕ್ಕೂ ಸೋಮವಾರ ರಜೆ. ದೊಡ್ಡ ಅರಮನೆ ಗ್ಯೊಂಗ್‌ಬೊಕ್‌ಗುಂಗ್ ಸಾಮಾನ್ಯವಾಗಿ ಸಂಜೆಯೇ ಮುಚ್ಚುತ್ತದೆ, ಅದಕ್ಕೆ ಮಂಗಳವಾರ ರಜೆ. ಈ ಎರಡರ ರಜೆ ಬೇರೆ ಬೇರೆ ದಿನ ಅನ್ನುವುದು ನೆನಪಿರಲಿ.

ಬುಧವಾರ ಸಂಜೆ ಬಿಡುವು ಸಿಕ್ಕರೆ ಕೊರಿಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಬುಧವಾರ, ಶನಿವಾರ ರಾತ್ರಿ 9ರವರೆಗೆ ಇರುತ್ತದೆ. 2021ರಲ್ಲಿ ಅಲ್ಲೊಂದು ವಿಶೇಷ ಕೋಣೆ ಮಾಡಿದರು. ಮಂದ ಬೆಳಕು, ಸ್ವಲ್ಪ ಓರೆಯಾದ ಗೋಡೆ, ಒಳಗೆ ಎರಡೇ ಎರಡು ವಿಗ್ರಹ. ಕೆನ್ನೆಗೆ ಬೆರಳು ತಾಗಿಸಿ ಯೋಚನೆಯಲ್ಲಿ ಮುಳುಗಿದ ಬೋಧಿಸತ್ವರು, ಆರು-ಏಳನೇ ಶತಮಾನದವು. ಸುತ್ತು ಹಾಕಿ ಹಿಂದಿನಿಂದಲೂ ನೋಡಬಹುದು. ಸಿಯೋಲ್‌ನಲ್ಲಿ ಒಂದೇ ಒಂದು ವಸ್ತು ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುವುದು.

ಬುಕ್ಚೊನ್ ಹಳೆಯ ಮನೆಗಳ ಬೀದಿಗೆ ಮಾತ್ರ ಸಂಜೆ ಹೋಗಬೇಡಿ. ಅಲ್ಲಿ ಜನ ವಾಸ ಮಾಡುತ್ತಾರೆ. ಪ್ರವಾಸಿಗರ ಗಲಾಟೆ ತಡೆಯಲಾಗದೆ ಒಂದು ಭಾಗಕ್ಕೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಬನ್ನಿ ಅಂತ ನಿಯಮ ಮಾಡಿದ್ದಾರೆ, ಮೀರಿದರೆ ದಂಡ. ನಿಯಮ ಸರಿಯಾಗೇ ಇದೆ.

ಇನ್ನೊಂದು ವಿಷಯ. ಕೊರಿಯಾದಲ್ಲಿ ಗೂಗಲ್ ಮ್ಯಾಪ್ ನಂಬಿ ನಡೆದರೆ ದಾರಿ ಸರಿಯಾಗಿ ಸಿಗುವುದಿಲ್ಲ. ನೇವರ್ ಮ್ಯಾಪ್ ಹಾಕಿಕೊಳ್ಳಿ, ಇಂಗ್ಲಿಷ್‌ನಲ್ಲೂ ಬರುತ್ತದೆ.

ಲೆಕ್ಕದ_ಪುಸ್ತಕ

ನಾನು ಒಂದು ಕಂಪನಿಯಲ್ಲಿ ಪ್ರಯಾಣದ ಬಿಲ್‌ಗಳನ್ನು ನೋಡುವ ಕೆಲಸ ಮಾಡುತ್ತೇನೆ. ಆ ಕಡೆಯಿಂದ ಕೆಲವು ಮಾತು.

ಕೊನೆಗೆ ಎರಡು ದಿನ ಸ್ವಂತಕ್ಕೆ ಉಳಿಯುವುದಾದರೆ ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಾರಿಡಾರ್‌ನಲ್ಲಿ "ಆಯ್ತು ಹೋಗ್ಬಾ" ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮುಗಿದ ದಿನವೇ ವಾಪಸ್ ಬಂದರೆ ಟಿಕೆಟ್ ಎಷ್ಟಾಗುತ್ತಿತ್ತು ಅನ್ನುವುದರ ಸ್ಕ್ರೀನ್‌ಶಾಟ್ ಬುಕ್ ಮಾಡುವ ದಿನವೇ ತೆಗೆದಿಟ್ಟುಕೊಳ್ಳಿ. ವ್ಯತ್ಯಾಸ ಜಾಸ್ತಿ ಆದರೆ ನೀವು ತುಂಬುತ್ತೀರಿ. ಎಷ್ಟೋ ಸಲ ಭಾನುವಾರದ ಟಿಕೆಟ್ಟೇ ಅಗ್ಗ ಇರುತ್ತದೆ, ಆಗ ಕಂಪನಿಗೂ ಉಳಿತಾಯ. ಆ ಸ್ಕ್ರೀನ್‌ಶಾಟ್ ಇಲ್ಲದೆ ಆಮೇಲೆ ಎಷ್ಟು ವಾದ ಮಾಡಿದರೂ ಕಷ್ಟ.

ಇನ್ಶೂರೆನ್ಸ್ ವಿಷಯ ಯಾರೂ ಗಮನ ಕೊಡುವುದಿಲ್ಲ. ಕಂಪನಿಯ ಪ್ರಯಾಣ ವಿಮೆ ಬಹಳ ಸಲ ಕೆಲಸದ ದಿನಗಳಿಗೆ ಮಾತ್ರ ಇರುತ್ತದೆ. ರಜೆಯ ದಿನ ಕಾಮಕುರದಲ್ಲಿ ಕಾಲು ಉಳುಕಿದರೆ ಬಿಲ್ ನಿಮ್ಮ ತಲೆಗೆ. ಆ ದಿನಗಳಿಗೆ ನಿಮ್ಮ ದುಡ್ಡಲ್ಲೇ ಬೇರೆ ಪಾಲಿಸಿ ಮಾಡಿಸಿ. ಅದಕ್ಕೆ ಆಗುವ ಖರ್ಚು ಒಂದು ಹೊತ್ತಿನ ಒಳ್ಳೆ ಊಟಕ್ಕಿಂತ ಜಾಸ್ತಿ ಇರುವುದಿಲ್ಲ.

ವೀಸಾ. ಜಪಾನ್ ವೀಸಾ ಅರ್ಜಿಯ ಜೊತೆ ದಿನದ ಕಾರ್ಯಕ್ರಮ ಪಟ್ಟಿ ಕೊಡಬೇಕು. ಸ್ವಂತದ ದಿನಗಳನ್ನೂ ಅದರಲ್ಲಿ ಸರಿಯಾಗಿ ಬರೆಯಿರಿ, ಮುಚ್ಚಿಡಬೇಡಿ. ಇನ್ನೊಂದು, ನಿಮ್ಮ ಟಿಕೆಟ್ ಬೆಂಗಳೂರು–ಟೋಕಿಯೊ ಹೋಗಿ ಬರುವುದಾ? ಹಾಗಿದ್ದರೆ ಸಿಯೋಲ್‌ನಿಂದ ಮತ್ತೆ ಜಪಾನ್‌ಗೆ ಬರಬೇಕಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದರೆ ಎರಡನೇ ಸಲ ಒಳಗೆ ಬಿಡುವುದಿಲ್ಲ. ಟೋಕಿಯೊಗೆ ಹೋಗುವ, ಸಿಯೋಲ್‌ನಿಂದ ಮರಳುವ ಟಿಕೆಟ್ ಮಾಡಿಸಿ. ಕೊರಿಯಾಗೂ ನಮಗೆ ವೀಸಾ ಬೇಕು. ಎರಡೂ ವೀಸಾಕ್ಕೆ ಅದೇ ಪಾಸ್‌ಪೋರ್ಟ್ ಕೊಡಬೇಕು, ಹಾಗಾಗಿ ಒಂದಾದ ಮೇಲೆ ಒಂದು ಆಗಬೇಕು, ಒಂದು ತಿಂಗಳು ಅಂದರೆ ಸಮಯ ಕಡಿಮೆ. ನಾಳೆಯೇ ಶುರು ಮಾಡಿ.

ಬಸವನಗುಡಿ_ಬೆಳಗು

ತುಂಬಾ ಧನ್ಯವಾದ. ಟಿಕೆಟ್ ನಿಜಕ್ಕೂ ಟೋಕಿಯೊಗೆ ಹೋಗಿ ಬರುವುದೇ ಅಂತ ಟ್ರಾವೆಲ್ ಡೆಸ್ಕ್ ಹೇಳುತ್ತಿದೆ. ಇವತ್ತೇ ಬದಲಾಯಿಸಲು ಹೇಳುತ್ತೇನೆ. ಊಟದ ವಿಷಯ ಯಾರಾದರೂ ಹೇಳಿ.

ಶಿರಸಿ_ಸಸ್ಯಾಹಾರಿ

ಟೋಕಿಯೊದಲ್ಲಿ ಕಷ್ಟ ಮಾಂಸದ್ದಲ್ಲ, ಸಾರಿನದ್ದು. ತರಕಾರಿ ಮಾತ್ರ ಹಾಕಿದ ಉಡೋನ್, ಸೋಬಾ ನೂಡಲ್ಸ್ ಕೂಡ ಒಣಗಿಸಿದ ಬೊನಿಟೊ ಮೀನು ಕುದಿಸಿದ ರಸದಲ್ಲೇ ಇರುತ್ತದೆ. ಅಂಗಡಿಯವರಿಗೆ ಅದು ಮೀನು ಅಂತ ಅನ್ನಿಸುವುದೇ ಇಲ್ಲ. "ಮಾಂಸ ಬೇಡ" ಅಂದರೆ ಸಾಲದು, "ಮೀನಿನ ರಸವೂ ಬೇಡ" ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಫೋನಿನಲ್ಲಿ ಇಟ್ಟುಕೊಳ್ಳಿ. ನಿಮಗೆ ಮೊಟ್ಟೆ ಆಗುತ್ತದೆ ಅಂದಿದ್ದೀರಿ, ಅರ್ಧ ಚಿಂತೆ ಕಡಿಮೆ. ಆದರೆ ಜಪಾನಿನ ಆಮ್ಲೆಟ್‌ಗೂ ಅದೇ ರಸ ಬೆರೆಸುತ್ತಾರೆ, ನೋಡಿಕೊಳ್ಳಿ.

ಎಡೊಗಾವ ವಾರ್ಡ್‌ನ ನಿಶಿ-ಕಸಾಯ್‌ನಲ್ಲಿ ಭಾರತೀಯರು ಬಹಳ ಇದ್ದಾರೆ, ಐಟಿ ಕೆಲಸದವರೇ ಹೆಚ್ಚು. ಸಾರು ಅನ್ನ ಬೇಕು ಅನ್ನಿಸಿದರೆ ಅಲ್ಲಿಗೆ ಹೋಗಬಹುದು. ಆದರೆ ಪ್ರತಿದಿನ ಅದಕ್ಕಾಗಿ ಹೋಗಿ ಸಂಜೆ ಹಾಳು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಹೋಟೆಲ್‌ನಲ್ಲಿ ಹೊಟ್ಟೆ ತುಂಬಾ ತಿನ್ನಿ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ, ರಾತ್ರಿಗೆ ಒಂದು ಒಳ್ಳೆ ಜಾಗ ಹುಡುಕಿ. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆ ಪೂರ್ತಿ ಸಸ್ಯಾಹಾರ, ಬೆಲೆ ಜಾಸ್ತಿ. ಒಂದು ಸಲವಾದರೂ ತಿನ್ನಬೇಕು. ಎಳ್ಳಿನ ತೋಫು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಸಿಯೋಲ್‌ನಲ್ಲಿ ಬಿಬಿಂಬಾಪ್, ಅಂದರೆ ತರಕಾರಿ ಕಲಸಿ ತಿನ್ನುವ ಅನ್ನ, ಮಾಂಸ ಇಲ್ಲದೆ ಮಾಡಿಕೊಡುತ್ತಾರೆ. ಹುಳಿ ಬರಿಸಿದ ತರಕಾರಿಯ ಕಿಮ್ಚಿಯಲ್ಲಿ ಮೀನಿನ ಅಥವಾ ಸಿಗಡಿಯ ಉಪ್ಪಿನ ರಸ ಇರುವುದೇ ಹೆಚ್ಚು, ಅದು ತಟ್ಟೆಯಲ್ಲಿ ಪಕ್ಕಕ್ಕೇ ಇರಲಿ. ಜೊಗ್ಯೆಸಾ ದೇವಾಲಯದ ಸುತ್ತಮುತ್ತ ದೇವಾಲಯದ ಅಡುಗೆ ಬಡಿಸುವ ಜಾಗಗಳಿವೆ, ಅಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ಹಾಕುವುದಿಲ್ಲ.

ಸಿಲಿಕಾನ್_ಸಿದ್ದ

ನಾನು ಚಿಪ್ ಕೆಲಸದವನು, ನನ್ನ ಓಡಾಟ ಎಲ್ಲ ತೈವಾನ್ ಕಡೆಗೆ. ಬೆಂಗಳೂರಿನಿಂದ ನಮ್ಮಂಥವರು ಬಹಳ ಜನ ಅಲ್ಲಿನ ಶಿಂಚು ಊರಿಗೆ ಹೋಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಊಟದ ಮಾತಿನಿಂದಲೇ ಶುರು ಮಾಡುತ್ತೇನೆ. ಸಸ್ಯಾಹಾರಿಗಳಿಗೆ ಇಡೀ ಪೂರ್ವ ಏಷ್ಯಾದಲ್ಲಿ ತೈವಾನ್‌ನಷ್ಟು ಸುಲಭದ ಜಾಗ ಇಲ್ಲ. ಬೌದ್ಧ ಸಸ್ಯಾಹಾರದ ಹೋಟೆಲ್‌ಗಳು ಬೀದಿಬೀದಿಯಲ್ಲಿವೆ. ತಟ್ಟೆ ತುಂಬಿಕೊಂಡು ತೂಕದ ಮೇಲೆ ದುಡ್ಡು ಕೊಡುವ ಕಡೆ ಮಾತಾಡುವ ಅಗತ್ಯವೂ ಇಲ್ಲ.

ವಿಜ್ಞಾನ ಪಾರ್ಕ್ ಇರುವುದು ಶಿಂಚುವಿನಲ್ಲಿ, 1980ರಲ್ಲಿ ಶುರುವಾದದ್ದು. ಹೈಸ್ಪೀಡ್ ರೈಲಿನಲ್ಲಿ ತೈಪೆಯಿಂದ ಅರ್ಧ ಗಂಟೆ ಚಿಲ್ಲರೆ. ಕೆಲವರು ತೈಪೆಯಲ್ಲಿ ಹೋಟೆಲ್ ಮಾಡಿಕೊಂಡು ದಿನಾ ಓಡಾಡುತ್ತಾರೆ. ನನ್ನ ಪ್ರಕಾರ ಅದು ಬೇಡ. ಹೈಸ್ಪೀಡ್ ಸ್ಟೇಷನ್ ಊರಿನಿಂದ ಆಚೆ ಇದೆ, ಅಲ್ಲಿಂದ ಪಾರ್ಕ್‌ಗೆ ಮತ್ತೆ ಟ್ಯಾಕ್ಸಿ. ಕೆಲಸದ ದಿನ ಶಿಂಚುವಿನಲ್ಲೇ ಇರಿ, ಶುಕ್ರವಾರ ಸಂಜೆ ತೈಪೆಗೆ ಹೋಗಿ. ಶಿಂಚುವಿನ ನಗರದೇವತೆಯ ಗುಡಿಯ ಸುತ್ತ ತಿಂಡಿ ಅಂಗಡಿಗಳು ಗುಡಿಯ ಗೋಡೆಗೇ ಅಂಟಿಕೊಂಡಿವೆ. ಮಂಗಳಾರತಿಯ ಹೊತ್ತಿನ ನಮ್ಮ ಜಾತ್ರೆಯ ಹಾಗೆ ಹೊಗೆ, ಸದ್ದು, ಕರಿದ ವಾಸನೆ ಎಲ್ಲ ಕೂಡಿಕೊಂಡಿರುತ್ತದೆ.

ತೈಪೆಯಲ್ಲಿ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ. ಬೀಜಿಂಗ್‌ನ ಅರಮನೆಯ ಸಂಗ್ರಹವನ್ನು ಯುದ್ಧದ ಕಾಲದಲ್ಲಿ ಊರಿಂದ ಊರಿಗೆ ಸಾಗಿಸಿ, 1948–49ರಲ್ಲಿ ಆರಿಸಿದ ವಸ್ತುಗಳನ್ನು ಹಡಗಿನಲ್ಲಿ ತೈವಾನ್‌ಗೆ ತಂದರು. ಈಗಿನ ಕಟ್ಟಡ ತೆರೆದದ್ದು 1965ರಲ್ಲಿ. ಎಲ್ಲರೂ ಹಸಿರು ಜೇಡ್ ಕಲ್ಲಿನಲ್ಲಿ ಕೆತ್ತಿದ ಎಲೆಕೋಸಿನ ಮುಂದೆ ಸಾಲು ನಿಲ್ಲುತ್ತಾರೆ. ನೀವು ಪಿಂಗಾಣಿಯ ಕಡೆ ಹೋಗಿ. ಚೀನಾದ ಸಾಂಗ್ ರಾಜವಂಶದ ಕಾಲದ 'ರು' ಅನ್ನುವ ಬಗೆಯ ಪಾತ್ರೆಗಳ ಆ ತಿಳಿನೀಲಿ ಯಾವ ಫೋಟೋದಲ್ಲೂ ಬರುವುದಿಲ್ಲ. ಮ್ಯೂಸಿಯಂಗೆ ಸೋಮವಾರ ರಜೆ.

ಸಂಜೆಗೆ ಲೊಂಗ್‌ಶಾನ್ ದೇವಾಲಯ, 1738ರದ್ದು, ರಾತ್ರಿ ಊಟದ ಹೊತ್ತಿನಲ್ಲೂ ಜನ ತುಂಬಿರುತ್ತಾರೆ. ಆನೆಬೆಟ್ಟದ ಮೆಟ್ಟಿಲು ರಾತ್ರಿಯೂ ಹತ್ತಬಹುದು, ಎದುರಿಗೆ 508 ಮೀಟರ್‌ನ ತೈಪೆ 101 ಪೂರ್ತಿ ಕಾಣುತ್ತದೆ. ಶೆಕೆ ಇದ್ದೇ ಇರುತ್ತದೆ, ಬದಲಿಗೆ ಒಂದು ಅಂಗಿ ಒಯ್ಯಿರಿ. ಕಂಪ್ಯೂಟೆಕ್ಸ್ ಅನ್ನುವ ಕಂಪ್ಯೂಟರ್ ಮೇಳ ನಡೆಯುವ ವಾರ ಹೋಟೆಲ್ ಬೆಲೆ ಏರಿಹೋಗುತ್ತದೆ, ಮೀಟಿಂಗ್ ದಿನ ಆರಿಸುವುದು ನಿಮ್ಮ ಕೈಯಲ್ಲಿದ್ದರೆ ಆ ವಾರ ಬಿಡಿ.

ಪೀಣ್ಯ_ಪಾರ್ಟ್ಸ್

ನಮ್ಮದು ಸಣ್ಣ ಫ್ಯಾಕ್ಟರಿ. ಆಫೀಸಿನಿಂದ ಕಳಿಸುವವರು ಯಾರೂ ಇಲ್ಲ, ನಮ್ಮ ದುಡ್ಡಲ್ಲೇ ಹೋಗುವುದು. ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚೀನಾದ ಗುವಾಂಗ್‌ಝೌನಲ್ಲಿ ಕ್ಯಾಂಟನ್ ಮೇಳ ಅನ್ನುವ ದೊಡ್ಡ ವ್ಯಾಪಾರ ಮೇಳ 1957ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಶುರು. ಮೂರು ಹಂತ, ಒಂದೊಂದು ಹಂತಕ್ಕೆ ಒಂದೊಂದು ಬಗೆಯ ಸಾಮಾನು. ಹಂತಗಳ ನಡುವೆ ಬಿಡುವು ಇರುತ್ತದೆ. ಊರು ನೋಡಬೇಕಾದರೆ ಆ ಬಿಡುವಿನಲ್ಲಿ ನೋಡಿ. ಮೇಳದ ದಿನ ಸಂಜೆ ಎಲ್ಲೂ ಹೋಗಲು ಆಗುವುದಿಲ್ಲ, ಅಷ್ಟು ನಡೆದಿರುತ್ತೀರಿ.

ಬಿಡುವು ಸಿಕ್ಕರೆ ಹಳೆಯ ಊರಿನ ಹುಆಲಿನ್ ದೇವಾಲಯಕ್ಕೆ ಹೋಗಿ. ದಕ್ಷಿಣ ಭಾರತದಿಂದ ಸಮುದ್ರದ ಮೇಲೆ ಬಂದ ಬೌದ್ಧ ಭಿಕ್ಷು ಬೋಧಿಧರ್ಮ ನೆಲಕ್ಕೆ ಕಾಲಿಟ್ಟದ್ದು ಈ ಜಾಗದಲ್ಲಿ ಅಂತ ಅಲ್ಲಿನವರ ನಂಬಿಕೆ. ಸುತ್ತ ಜೇಡ್ ಕಲ್ಲಿನ ಮಾರುಕಟ್ಟೆ, ನಡುವೆ ಗುಡಿ. ನಾವೂ ದಕ್ಷಿಣದಿಂದ ವ್ಯಾಪಾರಕ್ಕೆ ಅಂತ ಹೋದವರು, ಅಲ್ಲಿ ನಿಂತಾಗ ಮನಸ್ಸಿಗೆ ಏನೋ ಹತ್ತಿರ ಅನ್ನಿಸುತ್ತದೆ.

ಚೀನಾಗೆ ಹೋಗುವವರು ಮನೆಯಲ್ಲೇ ದುಡ್ಡು ಕೊಡುವ ಅಲಿಪೇ ಆ್ಯಪ್ ಹಾಕಿಕೊಂಡು ಕಾರ್ಡ್ ಜೋಡಿಸಿ, ಓಟಿಪಿ ಬರುವುದು ಇಲ್ಲಿದ್ದಾಗಲೇ ಆಗಿಹೋಗಲಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿರಬೇಕು. ವಾಟ್ಸಾಪ್, ಗೂಗಲ್ ಅಲ್ಲಿನ ವೈಫೈನಲ್ಲಿ ಬರುವುದಿಲ್ಲ, ಇಲ್ಲಿಯ ಸಿಮ್‌ಗೆ ರೋಮಿಂಗ್ ಹಾಕಿಸಿದರೆ ಬರುತ್ತದೆ. ಚೀನಾದ 240 ಗಂಟೆಗಳ ವೀಸಾ ಇಲ್ಲದ ಟ್ರಾನ್ಸಿಟ್ ಬಗ್ಗೆ ವಿಡಿಯೋಗಳು ಬಹಳ ಓಡಾಡುತ್ತವೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಕ್ಟೋಬರ್ ಮೊದಲ ವಾರ ಅವರ ರಾಷ್ಟ್ರೀಯ ರಜೆ, ರೈಲು, ಹೋಟೆಲ್ ಎಲ್ಲ ತುಂಬಿರುತ್ತದೆ. ನಮ್ಮ ದಸರಾ ರಜೆ ಎಷ್ಟೋ ವರ್ಷ ಅದೇ ಹೊತ್ತಿಗೆ ಬರುತ್ತದೆ, ನೋಡಿಕೊಳ್ಳಿ.

ಹಾಂಗ್‌ಕಾಂಗ್ ಮೇಲೆ ಹಾದು ಬರುವವರಿಗೆ ಒಂದು ಮಾತು. ಭಾರತೀಯರು ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ 14 ದಿನದವರೆಗೆ ವೀಸಾ ಬೇಡ. ವಿಮಾನದ ಮಧ್ಯೆ ಏಳೆಂಟು ಗಂಟೆ ಇದ್ದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನಲ್ಲಿ 24 ನಿಮಿಷಕ್ಕೆ ಊರು ಮುಟ್ಟಿ ಸ್ಟಾರ್ ಫೆರಿ ಹತ್ತಿ. ಆ ದೋಣಿ ಸೇವೆ ಶುರು ಮಾಡಿದ್ದು ದೊರಾಬ್ಜಿ ನವರೋಜಿ ಮಿಠಾಯಿವಾಲಾ ಅನ್ನುವ ಪಾರ್ಸಿ.

ಕರಾವಳಿ_ಕನ್ನಡತಿ

ಪೀಣ್ಯ ಅವರು ಹೇಳಿದ ಒಂದು ಮಾತು ಬಸವನಗುಡಿ ಅವರಿಗೂ ಹೊಂದುತ್ತದೆ. ಸ್ಟಾಲ್‌ನಲ್ಲಿ ದಿನವಿಡೀ ನಿಂತ ಮೇಲೆ ಕಾಲು ಕೇಳುವುದಿಲ್ಲ. ಟೋಕಿಯೊದಲ್ಲಿ ಆಫೀಸ್ ಕುರ್ಚಿ ಇದೆ, ಅಲ್ಲಿ ಸಂಜೆ ಹೆಚ್ಚು ಸುತ್ತಿ. ಸಿಯೋಲ್‌ನಲ್ಲಿ ಎಕ್ಸ್‌ಪೋ ದಿನಗಳಲ್ಲಿ ಬೊಂಗುನ್ಸಾ ಬಿಟ್ಟು ಬೇರೆ ಏನೂ ಇಟ್ಟುಕೊಳ್ಳಬೇಡಿ. ಅರಮನೆ, ಮ್ಯೂಸಿಯಂ ಎಲ್ಲ ಎಕ್ಸ್‌ಪೋ ಮುಗಿದ ಮೇಲೆ ಉಳಿಯುವ ಸ್ವಂತದ ದಿನಕ್ಕೆ.

ಒಸಾಕಾ_ಒಡನಾಡಿ

ಒಸಾಕಾ ಕಡೆ ಕೆಲಸ ಬೀಳುವವರಿಗೂ ಎರಡು ಸಾಲು. ನಂಬಾದಿಂದ ಕಿಂತೆತ್ಸು ರೈಲಿನಲ್ಲಿ ನಲವತ್ತು ನಿಮಿಷಕ್ಕೆ ನಾರಾ. ತೊದೈಜಿಯ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದವರು ಭಾರತದಿಂದ ಹೋದ ಬೋಧಿಸೇನ ಅನ್ನುವ ಭಿಕ್ಷು. ಜಪಾನಿ ಸಹೋದ್ಯೋಗಿಗಳಿಗೆ ಇದು ಗೊತ್ತಿರುತ್ತದೆ, ನಮಗೇ ಗೊತ್ತಿರುವುದಿಲ್ಲ. ಪಕ್ಕದ ಕೋಬೆಯ ಕಿತಾನೊದಲ್ಲಿ ಜೈನ ಬಸದಿ ಇದೆ, ಮುತ್ತಿನ ವ್ಯಾಪಾರಕ್ಕೆ ಹೋಗಿ ನೆಲೆಸಿದವರ ಊರು ಅದು.

ಬಸವನಗುಡಿ_ಬೆಳಗು

ಟಿಕೆಟ್ ಬದಲಾಯಿತು. ಟೋಕಿಯೊಗೆ ಹೋಗಿ ಸಿಯೋಲ್‌ನಿಂದ ವಾಪಸ್. ಎಕ್ಸ್‌ಪೋ ಮುಗಿದ ಮೇಲೆ ಒಂದು ದಿನ ಸ್ವಂತಕ್ಕೆ, ಮೇಲ್‌ನಲ್ಲಿ ಒಪ್ಪಿಗೆಯೂ ಸಿಕ್ಕಿತು. ಉಳಿದದ್ದು ಎರಡು ಪ್ರಶ್ನೆ. ಟೋಕಿಯೊದಿಂದ ಸಿಯೋಲ್‌ಗೆ ಯಾವ ವಿಮಾನ ಒಳ್ಳೆಯದು? ಮತ್ತು ಸ್ಟಾಲ್‌ನ ಬ್ಯಾನರ್, ಸ್ಯಾಂಪಲ್ ಎಲ್ಲ ಸೇರಿ ದೊಡ್ಡ ಪೆಟ್ಟಿಗೆ ಇದೆ, ಕೊನೆಯ ದಿನ ಅದನ್ನು ಎಲ್ಲಿಡುವುದು? ವಾಪಸ್ ವಿಮಾನ ಇಂಚಿಯಾನ್‌ನಿಂದ ರಾತ್ರಿ.

ತುಂಗಾ_ತೀರ

ಟೋಕಿಯೊದ ಹನೇಡಾ ನಿಲ್ದಾಣದಿಂದ ಸಿಯೋಲ್‌ನ ಗಿಂಪೋ ನಿಲ್ದಾಣಕ್ಕೆ ಹೋಗುವ ವಿಮಾನ ಕೇಳಿ. ಆ ಊರುಗಳ ಇನ್ನೊಂದೊಂದು ನಿಲ್ದಾಣ ನಾರಿತಾ, ಇಂಚಿಯಾನ್ ಎರಡೂ ಊರಿಂದ ದೂರ. ಹನೇಡಾ ನಿಮ್ಮ ಶಿನಾಗಾವದಿಂದ ಕೇಕ್ಯು ರೈಲಿನಲ್ಲಿ ಕಾಲು ಗಂಟೆಯ ಮಾತು. ಗಿಂಪೋದಲ್ಲಿ ಇಳಿದು 9ನೇ ಲೈನ್‌ನ ಎಕ್ಸ್‌ಪ್ರೆಸ್ ಹತ್ತಿದರೆ ಬದಲಾಯಿಸದೆ ಬೊಂಗುನ್ಸಾ ಸ್ಟೇಷನ್, ಕೋಎಕ್ಸ್ ಬಾಗಿಲಲ್ಲೇ ಇಳಿಯುತ್ತೀರಿ. ಟಿಕೆಟ್ ಸ್ವಲ್ಪ ಜಾಸ್ತಿ ಇದ್ದರೂ ಅರ್ಧ ದಿನ ಉಳಿಯುತ್ತದೆ, ಟ್ರಾವೆಲ್ ಡೆಸ್ಕ್‌ಗೆ ಅದನ್ನೇ ಹೇಳಿ.

ಕಾಮಕುರಕ್ಕೆ ಹೋಗುವ ದಿನ ಪೆಟ್ಟಿಗೆ ಹೋಟೆಲ್‌ನಲ್ಲೇ ಇರಲಿ. ಅದನ್ನು ಹನೇಡಾವರೆಗೆ ಎಳೆಯಲು ಕಷ್ಟ ಅಂದರೆ ಹೋಟೆಲ್ ಕೌಂಟರ್‌ನಲ್ಲಿ ತಕ್ಕ್ಯುಬಿನ್ ಕೇಳಿ, ಪೆಟ್ಟಿಗೆಯನ್ನು ವಿಮಾನ ನಿಲ್ದಾಣಕ್ಕೆ ತಲುಪಿಸುವ ಸೇವೆ ಅದು. ವಿಮಾನದ ಹಿಂದಿನ ದಿನ ಅಲ್ಲ, ಅದಕ್ಕೂ ಒಂದು ದಿನ ಮುಂಚೆ ಕೊಟ್ಟುಬಿಡಿ.

ಕರಾವಳಿ_ಕನ್ನಡತಿ

ಸಿಯೋಲ್‌ನ ಕೊನೆಯ ದಿನಕ್ಕೆ: ಸಿಯೋಲ್ ಸ್ಟೇಷನ್‌ನಲ್ಲಿ ಸಿಟಿ ಏರ್‌ಪೋರ್ಟ್ ಟರ್ಮಿನಲ್ ಇದೆ. ಕೆಲವು ವಿಮಾನ ಸಂಸ್ಥೆಗಳ ಪ್ರಯಾಣಿಕರು ಅಲ್ಲೇ ಪೆಟ್ಟಿಗೆ ಕೊಟ್ಟು ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಬಹುದು, ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ ರೈಲಿನ ಟಿಕೆಟ್ ಇರಬೇಕು. ನಿಮ್ಮ ಸಂಸ್ಥೆ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ಕೇಳಿ. ಇದ್ದರೆ ಬೆಳಿಗ್ಗೆಯೇ ಪೆಟ್ಟಿಗೆ ಕೊಟ್ಟು ಕೈಬೀಸಿಕೊಂಡು ಹೊರಡಿ, ದೊಕ್ಸುಗುಂಗ್ ಅಲ್ಲಿಂದ ಹತ್ತಿರ. ಇಲ್ಲ ಅಂದರೆ ಹೋಟೆಲ್‌ನಲ್ಲೇ ಬಿಡಿ, ಸ್ಟೇಷನ್ ಲಾಕರ್‌ಗಳಿಗೆ ಬ್ಯಾನರ್ ಕೊಳವೆ ಹಿಡಿಸುವುದಿಲ್ಲ. ಎಕ್ಸ್‌ಪ್ರೆಸ್ ರೈಲು ಸಿಯೋಲ್ ಸ್ಟೇಷನ್‌ನಿಂದ ಇಂಚಿಯಾನ್‌ಗೆ ಮುಕ್ಕಾಲು ಗಂಟೆ. ಆ ದಿನ ಸೋಮವಾರ ಆಗದ ಹಾಗೆ ಮಾತ್ರ ನೋಡಿಕೊಳ್ಳಿ.